ವಂಶವೃಕ್ಷದಲ್ಲಿ ಯಾರಿಗೆ ಜಾಗ? ಕೊರಿಯದ ಕುಟುಂಬ ಚರಿತ್ರೆಯ ಒಂದು ಓದು

ನಮ್ಮ ತರವಾಡು ಮನೆಯ ದೈವಸ್ಥಾನದ ಜೀರ್ಣೋದ್ಧಾರ ಮುಗಿದು ಬ್ರಹ್ಮಕಲಶಕ್ಕೆ ದಿನ ನೋಡುವ ಹೊತ್ತಿಗೆ ಕುಟುಂಬದ ಹಿರಿಯರೆಲ್ಲ ಸೇರಿ ನನಗೊಂದು ಕೆಲಸ ಒಪ್ಪಿಸಿದರು. ಸ್ಮರಣ ಸಂಚಿಕೆಗಾಗಿ ಕುಟುಂಬದ ವಂಶವೃಕ್ಷ ಸಿದ್ಧಪಡಿಸಬೇಕು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿದವನು ಎಂಬ ಕಾರಣಕ್ಕೆ ಈ ಗೌರವ. ನಮ್ಮದು ಅಳಿಯಸಂತಾನದ ಕುಟುಂಬ. ಆದ್ದರಿಂದ ಗೆರೆಗಳೆಲ್ಲ ಹೆಂಗಸರ ಹೆಸರಿನಿಂದಲೇ ಕೆಳಗಿಳಿಯಬೇಕು. ಅಜ್ಜಿಯ ಕೆಳಗೆ ಅಮ್ಮ ಮತ್ತು ದೊಡ್ಡಮ್ಮಂದಿರು, ಅಮ್ಮನ ಕೆಳಗೆ ನಾನು ಮತ್ತು ತಂಗಿಯಂದಿರು. ನನ್ನ ಹೆಸರು ಬರೆದ ಮೇಲೆ ಪೆನ್ನು ಅಲ್ಲಿಯೇ ನಿಂತಿತು. ನನಗೆ ಇಬ್ಬರು ಮಕ್ಕಳು. ಅವರು ಈ ಮರಕ್ಕೆ ಸೇರಿದವರಲ್ಲ, ಅವರ ತಾಯಿಯ ತರವಾಡಿನವರು. ಇದು ಹುಟ್ಟಿದಂದಿನಿಂದ ಗೊತ್ತಿದ್ದ ಸಂಗತಿಯೇ. ಆದರೂ ನನ್ನ ಕೈಯಿಂದಲೇ ಬರೆದಾಗ ಮನಸ್ಸಿಗೆ ಒಂದು ಕ್ಷಣ ಹೇಗೋ ಆಯಿತು.

ನಿಜವಾದ ತೊಡಕು ಅದಲ್ಲ. ನನ್ನ ಕಿರಿಯ ತಂಗಿಗೆ ಹೆತ್ತ ಮಕ್ಕಳಿಲ್ಲ. ಅವಳು ಕಾನೂನು ಪ್ರಕಾರ ದತ್ತು ತೆಗೆದುಕೊಂಡ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಅವಳ ಹೆಸರನ್ನು ಮರದಲ್ಲಿ ಬರೆಯಬೇಕೇ ಬೇಡವೇ ಎಂಬ ಪ್ರಶ್ನೆ ಎದ್ದಿತು. "ರಕ್ತ ಇಲ್ಲದೆ ಬರಿ ಎಲ್ಲಿಂದ ಬರುವುದು ಮಾಷ್ಟ್ರೇ?" ಎಂದು ಹಿರಿಯರೊಬ್ಬರು ಕೇಳಿದರು. ತಂಗಿ ಜಗಳಕ್ಕೆ ಬರಲಿಲ್ಲ. "ಅಣ್ಣಾ, ಅವಳ ಹೆಸರು ಬೇಡವಾದರೆ ನನ್ನ ಹೆಸರೂ ಬೇಡ" ಎಂದಷ್ಟೇ ಹೇಳಿ ಹೋದಳು.

ಆ ದಿನಗಳಲ್ಲಿ ನಾನು ಕೊರಿಯದ ಚರಿತ್ರೆ ಓದುತ್ತಿದ್ದೆ. ಅದಕ್ಕೆ ಕಾರಣ ಮೊಮ್ಮಗಳು. ಮೊಬೈಲಿನಲ್ಲಿ ಕೊರಿಯನ್ ಧಾರಾವಾಹಿ ನೋಡುತ್ತಾ ಅವಳು ಒಂದು ದಿನ, "ಅಜ್ಜ, ಇವರು ಯಾರನ್ನೂ ಹೆಸರು ಹಿಡಿದು ಕರೆಯುವುದೇ ಇಲ್ಲ, ನಮ್ಮ ಹಾಗೆ ಅಕ್ಕ ಅಣ್ಣ ಅಂತಲೇ ಕರೆಯುತ್ತಾರೆ, ಯಾಕೆ?" ಎಂದು ಕೇಳಿದಳು. ನಾನು ಕಲಿಸುತ್ತಿದ್ದ ಪುಸ್ತಕದಲ್ಲಿ ಕೊರಿಯವೆಂದರೆ 38ನೆಯ ಅಕ್ಷಾಂಶ ಮತ್ತು ಒಂದು ಯುದ್ಧ, ಅಷ್ಟೆ. ಮೊಮ್ಮಗಳಿಗೆ ಉತ್ತರ ಹುಡುಕಲು ಹೊರಟವನಿಗೆ ವಂಶವೃಕ್ಷದ ಪ್ರಶ್ನೆಗೂ ಅಲ್ಲಿಯೇ ದಾರಿ ಕಂಡಿತು. ಅದನ್ನು ಈ ಸಂಚಿಕೆಯ ಓದುಗರ ಮುಂದಿಡುತ್ತಿದ್ದೇನೆ.

ಕರೆಯುವ ಮಾತಿನಲ್ಲಿ 'ನಾನು'

ಕೊರಿಯನ್ ಭಾಷೆಯಲ್ಲಿ ಅಣ್ಣನಿಗೆ ಎರಡು ಪದಗಳಿವೆ. ತಂಗಿ ಕರೆಯುವುದಾದರೆ 'ಒಪ್ಪಾ', ತಮ್ಮ ಕರೆಯುವುದಾದರೆ 'ಹ್ಯೊಂಗ್'. ಅಕ್ಕನಿಗೂ ಹಾಗೆಯೇ: ತಂಗಿಗೆ 'ಒನ್ನಿ', ತಮ್ಮನಿಗೆ 'ನೂನಾ'. ಎಂದರೆ ಕರೆಯಲ್ಪಡುವವರು ಯಾರು ಎಂಬುದರ ಜೊತೆಗೆ ಕರೆಯುವವರು ಯಾರು ಎಂಬುದನ್ನೂ ಆ ಪದವೇ ಹೇಳಿಬಿಡುತ್ತದೆ. ಕ್ರಿಯಾಪದದ ಕೊನೆಯೂ ಎದುರಿಗಿರುವವರ ಹಿರಿತನಕ್ಕೆ ತಕ್ಕಂತೆ ಬದಲಾಗುತ್ತದೆ. ಹಾಗಾಗಿ ಹೊಸಬರ ಪರಿಚಯವಾದಾಗ ವಯಸ್ಸು ಕೇಳುವುದು ಅಲ್ಲಿ ಕುತೂಹಲದ ಮಾತಲ್ಲ. ಅದು ಗೊತ್ತಾಗದೆ ವಾಕ್ಯವನ್ನು ಸರಿಯಾಗಿ ಮುಗಿಸುವುದೇ ಕಷ್ಟ.

ಮದುವೆಯಾಗಿ ಮಗುವಾದ ಹೆಂಗಸನ್ನು ನೆರೆಹೊರೆಯವರು ಅವಳ ಮಗುವಿನ ಹೆಸರು ಹಿಡಿದು 'ಇಂಥವನ ಅಮ್ಮ' ಎಂದು ಕರೆಯುವುದು ಸಾಮಾನ್ಯ. ಇದು ನಮಗೇನೂ ಹೊಸತಲ್ಲ. ಇನ್ನೊಂದು ಪದ 'ಉರಿ'. ಕನ್ನಡದ ಉರಿಗೂ ಅದಕ್ಕೂ ಸಂಬಂಧವಿಲ್ಲ, ಅದರ ಅರ್ಥ 'ನಮ್ಮ'. ಕೊರಿಯನ್ನರು 'ನನ್ನ ಮನೆ', 'ನನ್ನ ಅಮ್ಮ' ಎನ್ನುವುದಿಲ್ಲ. 'ನಮ್ಮ ಮನೆ', 'ನಮ್ಮ ಅಮ್ಮ' ಎನ್ನುತ್ತಾರೆ. ಒಬ್ಬಳೇ ಮಗಳಾದರೂ ಹಾಗೆಯೇ. ಅಷ್ಟೇ ಅಲ್ಲ, ಹೆಂಡತಿಯೂ ತನ್ನ ಗಂಡನನ್ನು 'ನಮ್ಮ ಗಂಡ' ಎಂದು ಹೇಳುವುದುಂಟು. ಕೇಳಿದವರು ನಗುವುದಿಲ್ಲ.

ನೆಂಟಸ್ತಿಕೆಯ ದೂರವನ್ನು ಅವರು ಎಣಿಸುವ ಅಳತೆ 'ಛೊನ್'. ತಂದೆತಾಯಿಗೂ ಮಗುವಿಗೂ ನಡುವೆ ಒಂದು ಛೊನ್, ಒಡಹುಟ್ಟಿದವರಿಗೆ ಎರಡು, ತಂದೆಯ ತಮ್ಮನಿಗೆ ಮೂರು, ಅವನ ಮಕ್ಕಳಿಗೆ ನಾಲ್ಕು. ಚಿಕ್ಕಪ್ಪನನ್ನು ಕರೆಯುವ 'ಸಮ್‌ಛೊನ್' ಎಂಬ ಪದದ ಅರ್ಥವೇ 'ಮೂರು ಛೊನ್'. ಗಂಡ ಹೆಂಡಿರ ನಡುವೆ ಛೊನ್ ಇಲ್ಲ, ಅಲ್ಲಿ ಸೊನ್ನೆ. ಒಬ್ಬ ಮನುಷ್ಯ ತಾನು ಯಾರು ಎಂದು ಯೋಚಿಸುವಾಗ ತಾನು ಯಾರಿಗೆ ಎಷ್ಟು ದೂರ ಎಂಬ ಲೆಕ್ಕ ಅವನೊಳಗೆ ಮೊದಲೇ ಕೂತಿರುತ್ತದೆ ಎಂಬುದನ್ನು ಇದರಿಂದ ತಿಳಿಯಬಹುದು. ಎಂಟು ಛೊನ್‌ವರೆಗಿನವರು ಸತ್ತರೆ ಸೂತಕದ ಉಡುಪು ಧರಿಸಬೇಕೆಂಬುದು ಹಳೆಯ ಕಟ್ಟಳೆ. ಯಾರಿಗಾಗಿ ಎಷ್ಟು ಕಾಲ ಅಳಬೇಕು ಎಂಬುದಕ್ಕೂ ಅಲ್ಲಿ ಅಳತೆಯಿತ್ತು.

ಹೆಸರು ಮತ್ತು ಬಳಿ

ದಕ್ಷಿಣ ಕೊರಿಯದ 2015ರ ಜನಗಣತಿಯಂತೆ ನೂರು ಜನರಲ್ಲಿ ಸುಮಾರು 45 ಮಂದಿಯ ಕುಲನಾಮ ಕಿಮ್, ಲೀ ಅಥವಾ ಪಾರ್ಕ್. ಇಷ್ಟು ಜನಕ್ಕೆ ಒಂದೇ ಹೆಸರಾದರೆ ಗುರುತು ಹೇಗೆ? ಅದಕ್ಕಾಗಿ ಪ್ರತಿ ಕುಲನಾಮಕ್ಕೂ ಮೂಲಸ್ಥಾನವಿದೆ. ಅದನ್ನು 'ಬೋನ್‌ಗ್ವಾನ್' ಎನ್ನುತ್ತಾರೆ. ಕಿಮ್‌ಹೇ ಊರಿನ ಕಿಮ್, ಗ್ಯೊಂಗ್‌ಜು ಊರಿನ ಕಿಮ್ ಬೇರೆ ಬೇರೆ. ಕಿಮ್‌ಹೇ ಕಿಮ್ ಬಳಿಯವರೇ ಅದೇ ಗಣತಿಯಲ್ಲಿ 44 ಲಕ್ಷಕ್ಕೂ ಹೆಚ್ಚು. ಇವರಲ್ಲಿ ಬಹುಮಂದಿ ಆ ಊರಿನಲ್ಲಿ ವಾಸಿಸುವವರಲ್ಲ. ನಮ್ಮಲ್ಲಿ ಮುಂಬಯಿಯಲ್ಲಿ ಹುಟ್ಟಿ ಬೆಳೆದವರೂ ಮನೆಯ ಹೆಸರನ್ನು ಇನಿಶಿಯಲ್ಲಿನಲ್ಲಿ ಹೊತ್ತು ನಡೆಯುವಂತೆ ಅದು.

ಕಿಮ್‌ಹೇ ಕಿಮ್ ಬಳಿಯವರ ಮೂಲಪುರುಷ ಗಯಾ ರಾಜ್ಯದ ಸುರೋ ಎಂಬ ಅರಸು. ಕ್ರಿ.ಶ. 48ರಲ್ಲಿ 'ಆಯುತ' ಎಂಬ ದೇಶದಿಂದ ಹಡಗಿನಲ್ಲಿ ಬಂದ ಹದಿನಾರು ವರ್ಷದ ರಾಜಕುಮಾರಿ ಹೊ ಹ್ವಾಂಗ್‌ಓಕ್ ಅವನ ರಾಣಿಯಾದಳು ಎಂದು 13ನೆಯ ಶತಮಾನದ 'ಸಮ್‌ಗುಕ್ ಯೂಸಾ' ಹೇಳುತ್ತದೆ. ಆಯುತವೆಂದರೆ ಅಯೋಧ್ಯೆ ಎಂದು ನಂಬಿ 2001ರಲ್ಲಿ ಅಯೋಧ್ಯೆಯಲ್ಲಿ ಅವಳಿಗೆ ಸ್ಮಾರಕ ಕಟ್ಟಿದ್ದಾರೆ. ಇದು ಐತಿಹ್ಯವೇ ಹೊರತು ಚರಿತ್ರೆಯಲ್ಲ. ಆದರೆ ಐತಿಹ್ಯದಿಂದ ಬದುಕು ಕಟ್ಟಿಕೊಳ್ಳುವುದು ಚರಿತ್ರೆಯೇ. ಅವಳ ಮಕ್ಕಳಲ್ಲಿ ಕೆಲವರು ತಾಯಿಯ 'ಹೊ' ಕುಲನಾಮ ಪಡೆದರೆಂಬ ನಂಬಿಕೆಯಿಂದ ಕಿಮ್‌ಹೇ ಕಿಮ್ ಮತ್ತು ಕಿಮ್‌ಹೇ ಹೊ ಬಳಿಗಳವರು ಪರಸ್ಪರ ಮದುವೆಯಾಗದೆ ಶತಮಾನಗಳನ್ನು ಕಳೆದರು.

ಒಂದೇ ಬಳಿಯವರು ಅಣ್ಣ ತಂಗಿಯರು, ಅವರಲ್ಲಿ ಕೊಡುಕೊಳ್ಳುವಿಕೆ ಸಲ್ಲದು ಎಂಬ ಮಾತು ತುಳುನಾಡಿನ ಯಾರಿಗೂ ವಿವರಿಸಬೇಕಾದ್ದಿಲ್ಲ. ನಮ್ಮಲ್ಲಿ ಬಳಿ ತಾಯಿಯಿಂದ ಬಂದರೆ ಅಲ್ಲಿ ತಂದೆಯಿಂದ. ವ್ಯತ್ಯಾಸವೆಂದರೆ ಅಲ್ಲಿ ಅದನ್ನು ಆಧುನಿಕ ಕಾನೂನಿನೊಳಗೇ ತಂದಿಟ್ಟರು. 1960ರಲ್ಲಿ ಜಾರಿಯಾದ ನಾಗರಿಕ ಸಂಹಿತೆಯ 809ನೆಯ ವಿಧಿ ಒಂದೇ ಕುಲನಾಮ, ಒಂದೇ ಮೂಲಸ್ಥಾನದವರ ಮದುವೆಯನ್ನು ನಿಷೇಧಿಸಿತು. ಲಕ್ಷಗಟ್ಟಲೆ ಜನರಿರುವ ಬಳಿಯಲ್ಲಿ, ಮೂವತ್ತು ತಲೆಮಾರಿನ ಹಿಂದಿನ ಸಂಬಂಧ ಬಿಟ್ಟರೆ ಮತ್ತೇನೂ ಇಲ್ಲದ ಹುಡುಗ ಹುಡುಗಿಯರು ಕೂಡ ಮದುವೆಯನ್ನು ದಾಖಲಿಸುವಂತಿರಲಿಲ್ಲ. ಒಟ್ಟಿಗೆ ಬಾಳಿದರೂ ಕಾನೂನಿನ ಕಣ್ಣಿಗೆ ಅವರು ಗಂಡ ಹೆಂಡಿರಲ್ಲ. 1978, 1988, 1996ರಲ್ಲಿ ಸ್ವಲ್ಪ ಕಾಲದ ಮಟ್ಟಿಗೆ ವಿಶೇಷ ರಿಯಾಯಿತಿ ಕೊಟ್ಟು ಅಂಥ ಮದುವೆಗಳನ್ನು ದಾಖಲಿಸಿಕೊಂಡರು. ಕೊನೆಗೆ 1997ರ ಜುಲೈ 16ರಂದು ಸಾಂವಿಧಾನಿಕ ನ್ಯಾಯಾಲಯ ಆ ವಿಧಿ ಸಂವಿಧಾನಕ್ಕೆ ಹೊಂದುವುದಿಲ್ಲವೆಂದು ತೀರ್ಪಿತ್ತಿತು. ಮುಂದೆ 2005ರ ತಿದ್ದುಪಡಿಯಲ್ಲಿ ನಿಷೇಧ ಎಂಟು ಛೊನ್‌ನ ಒಳಗಿನ ನೆಂಟರಿಗೆ ಸೀಮಿತವಾಯಿತು.

ಮಗಳು ಹೊರಗಾದ ಬಗೆ

'ಕೊರಿಯದ ಕುಟುಂಬವೆಂದರೆ ಅನಾದಿಯಿಂದ ತಂದೆಯ ಸಾಲು, ಹಿರಿಮಗನ ಯಜಮಾನಿಕೆ' ಎಂದು ಅಲ್ಲಿಯವರೇ ನಂಬಿದ್ದರು. ಆದರೆ ಹಳೆಯ ಕಾಗದಪತ್ರಗಳು ಬೇರೆಯದನ್ನೇ ಹೇಳುತ್ತವೆ. ಈ ಭಾಗವನ್ನು ಓದುವಾಗ ನಾನು ನಿಜಕ್ಕೂ ಎದ್ದು ಕೂತೆ.

ಅಲ್ಲಿಯ ವಂಶಾವಳಿ ಗ್ರಂಥಕ್ಕೆ 'ಜೊಕ್‌ಬೊ' ಎಂದು ಹೆಸರು. ಈಗ ಉಳಿದಿರುವ ಜೊಕ್‌ಬೊಗಳಲ್ಲಿ ಅತ್ಯಂತ ಹಳೆಯದು ಆಂದೊಂಗ್ ಕ್ವೊನ್ ಬಳಿಯವರದು, 1476ರದ್ದು. ಅದರಲ್ಲಿ ಮಕ್ಕಳನ್ನು ಗಂಡು ಹೆಣ್ಣೆಂಬ ಭೇದವಿಲ್ಲದೆ ಹುಟ್ಟಿದ ಕ್ರಮದಲ್ಲಿ ಬರೆದಿದ್ದಾರೆ. ಹೆಣ್ಣುಮಕ್ಕಳ ಮಕ್ಕಳು ಮೊಮ್ಮಕ್ಕಳನ್ನೂ ಬಿಡದೆ ಬರೆದದ್ದರಿಂದ ಆ ಗ್ರಂಥದಲ್ಲಿರುವ ಸಾವಿರಾರು ಹೆಸರುಗಳಲ್ಲಿ ಹೆಚ್ಚಿನವು ಕ್ವೊನ್ ಕುಲನಾಮದವೇ ಅಲ್ಲ! ಮಗಳು ಮರುಮದುವೆಯಾಗಿದ್ದರೆ ಎರಡನೆಯ ಗಂಡನ ಹೆಸರನ್ನೂ ನಾಚಿಕೆಯಿಲ್ಲದೆ ನಮೂದಿಸಿದ್ದಾರೆ.

1485ರಲ್ಲಿ ಪೂರ್ಣಗೊಂಡ ಜೊಸೊನ್ ರಾಜ್ಯದ ಕಾನೂನು ಗ್ರಂಥ 'ಗ್ಯೊಂಗ್‌ಗುಕ್ ದೇಜೊನ್' ಪ್ರಕಾರ ತಂದೆತಾಯಿಯ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಸಮಪಾಲು. ಪಿತೃಕಾರ್ಯ ನಡೆಸುವವನಿಗೆ ಮಾತ್ರ ಐದರಲ್ಲೊಂದು ಭಾಗದಷ್ಟು ಹೆಚ್ಚಿಗೆ. ಮದುವೆಯಾದ ಗಂಡು ಹೆಂಡತಿಯ ತವರಿಗೆ ಹೋಗಿ ಅಲ್ಲಿ ವರ್ಷಗಟ್ಟಲೆ ಬಾಳುವ ಪದ್ಧತಿಯೂ ಇತ್ತು. ದೊಡ್ಡ ವಿದ್ವಾಂಸ ಯುಲ್‌ಗೊಕ್ ಯೀ ಇ 1536ರಲ್ಲಿ ಹುಟ್ಟಿದ್ದು ಗಾಂಗ್‌ನುಂಗ್ ಊರಿನ ತಾಯಿಯ ತವರುಮನೆಯಲ್ಲಿ. ಅವನೂ ಅವನ ಒಡಹುಟ್ಟಿದವರೂ 1566ರಲ್ಲಿ ಆಸ್ತಿ ಹಂಚಿಕೊಂಡ ಪತ್ರ ಇಂದಿಗೂ ಉಳಿದಿದೆ. ಅದರಲ್ಲಿ ಅಕ್ಕತಂಗಿಯರಿಗೂ ಪಾಲಿದೆ. ದಕ್ಷಿಣ ಕೊರಿಯದ 5000 ವೊನ್ ನೋಟಿನಲ್ಲಿ ಅವನ ಚಿತ್ರವಿದೆ. 2009ರಲ್ಲಿ ಬಂದ 50000 ವೊನ್ ನೋಟಿನಲ್ಲಿ ಅವನ ತಾಯಿ, ಚಿತ್ರಕಾರ್ತಿ ಶಿನ್ ಸಾಯಿಮ್‌ದಾಂಗ್ ಇದ್ದಾಳೆ. ಇದು ನಮ್ಮ ಅಳಿಯಸಂತಾನದಂಥ ಮಾತೃಮೂಲ ಪದ್ಧತಿಯಲ್ಲ. ಕುಲನಾಮ ತಂದೆಯದೇ. ಆದರೆ ಮನೆ, ಆಸ್ತಿ, ನೆನಪು ಎರಡೂ ಕಡೆಯಿಂದ ಬರುತ್ತಿತ್ತು.

ಇದು ಬದಲಾದದ್ದು ಮುಖ್ಯವಾಗಿ 17ನೆಯ ಶತಮಾನದಿಂದ. ಚೀನದ ನವ ಕನ್ಫ್ಯೂಷಿಯನ್ ಧರ್ಮಗ್ರಂಥಗಳನ್ನು ಆದರ್ಶವಾಗಿ ಇಟ್ಟುಕೊಂಡ ಪಂಡಿತ ಶ್ರೀಮಂತರು ಪಿತೃಕಾರ್ಯದ ಹಕ್ಕನ್ನು ಹಿರಿಮಗನಿಗೆ ಮೀಸಲಾಗಿಸಿದರು. ತಲೆಮಾರಿಂದ ತಲೆಮಾರಿಗೆ ಹಂಚಿ ಹಂಚಿ ಭೂಮಿ ಚೂರಾಗುತ್ತಿದ್ದುದೂ ಒಂದು ಕಾರಣ. ಬುಆನ್ ಕಿಮ್ ಮನೆತನದ 1669ರ ಒಂದು ಪತ್ರದಲ್ಲಿ, ಮಗಳು ಮದುವೆಯಾಗಿ ಹೊರಗೆ ಹೋಗುವವಳಾದ್ದರಿಂದ ಪಿತೃಕಾರ್ಯ ಅವಳಿಗಿಲ್ಲ, ಆಸ್ತಿಯಲ್ಲಿ ಮಗನ ಪಾಲಿನ ಮೂರರಲ್ಲೊಂದು ಭಾಗ ಸಾಕು ಎಂದು ತೀರ್ಮಾನಿಸಿದ್ದಾರೆ. ಮುಂದಿನ ಜೊಕ್‌ಬೊಗಳಲ್ಲಿ ಗಂಡುಮಕ್ಕಳು ಮೊದಲು, ಹೆಣ್ಣುಮಕ್ಕಳು ಕೊನೆಗೆ. ಮಗಳ ಸ್ವಂತ ಹೆಸರೂ ಇಲ್ಲ, ಅವಳ ಗಂಡನ ಹೆಸರು ಮಾತ್ರ. ಮದುವೆಯಾದ ಮೇಲೂ ಕೊರಿಯದ ಹೆಂಗಸು ತಂದೆಯ ಕುಲನಾಮವನ್ನೇ ಉಳಿಸಿಕೊಳ್ಳುತ್ತಾಳೆ. ಹೊರಗಿನವರು ಇದನ್ನು ಸ್ವಾತಂತ್ರ್ಯವೆಂದು ತಿಳಿದಾರು. ಆದರೆ ಗಂಡನ ಮನೆಯಲ್ಲಿ ಕೊನೆಯವರೆಗೂ ಬೇರೆ ಕುಲದವಳು, ತವರಿನಲ್ಲಿ 'ಹೊರಗೆ ಹೋದವಳು' ಎಂಬ ಸ್ಥಿತಿಯೂ ಅದರಿಂದಲೇ ಹುಟ್ಟಿತು.

ರಿಜಿಸ್ಟರಿನೊಳಗಿನ ಮನುಷ್ಯ

1910ರಲ್ಲಿ ಜಪಾನು ಕೊರಿಯವನ್ನು ನುಂಗಿತು. ಜಪಾನೀಯರು ತಮ್ಮ ದೇಶದ ಮಾದರಿಯಲ್ಲಿ ಮನೆಮನೆಗೆ ಒಂದೊಂದು ಕುಟುಂಬ ರಿಜಿಸ್ಟರು, ಪ್ರತಿ ರಿಜಿಸ್ಟರಿಗೆ ಒಬ್ಬ ಯಜಮಾನ ಎಂಬ ವ್ಯವಸ್ಥೆ ತಂದರು. ಆ ಯಜಮಾನನೇ 'ಹೋಜು'. 1940ರ ಫೆಬ್ರವರಿಯಿಂದ ಆಗಸ್ಟ್‌ವರೆಗೆ ಆರು ತಿಂಗಳೊಳಗೆ ಜಪಾನೀ ರೀತಿಯ ಮನೆತನದ ಹೆಸರು ದಾಖಲಿಸಬೇಕೆಂಬ ಆಜ್ಞೆ ಬಂತು. ಸುಮಾರು ಶೇಕಡಾ 80ರಷ್ಟು ಮನೆಯವರು ಒತ್ತಡಕ್ಕೆ ಸಿಲುಕಿ ದಾಖಲಿಸಿದರು. ಹಲವರು ಹೊಸ ಹೆಸರಿನಲ್ಲಿಯೂ ಹಳೆಯ ಕುಲನಾಮದ ಒಂದು ಅಕ್ಷರವನ್ನೋ ಮೂಲಸ್ಥಾನದ ಸುಳಿವನ್ನೋ ಅಡಗಿಸಿಟ್ಟರು. ಸರಕಾರಿ ಕಾಗದದಲ್ಲಿ ಅಕ್ಷರ ಬದಲಾದ ಮಾತ್ರಕ್ಕೆ ತಾನು ಬದಲಾಗಲಾರೆ ಎಂಬ ಹಟ ಅದು. 1956ರ ನವೆಂಬರ್ 1ರಂದು ರಾಜ್ಯ ಬದಲಾದ ಮೇಲೆ ನಮ್ಮ ಊರು, ಮನೆಗಳ ಹೆಸರುಗಳು ಕಾಗದದಲ್ಲಿ ಬೇರೆ ಉಚ್ಚಾರ ಪಡೆದದ್ದನ್ನು ಕಂಡ ಗಡಿನಾಡಿನವರಿಗೆ, ಅಲ್ಲಿಯ ಬಲಾತ್ಕಾರ ಇಲ್ಲಿ ಇರಲಿಲ್ಲವಾದರೂ, ಆ ಹಟ ಅರ್ಥವಾದೀತು. 1946ರಲ್ಲಿ ಕೊರಿಯನ್ನರಿಗೆ ಹಳೆಯ ಹೆಸರು ಮರಳಿ ಸಿಕ್ಕಿತು.

ಹೆಸರು ಮರಳಿದರೂ ಹೋಜು ಹೋಗಲಿಲ್ಲ. ಸ್ವತಂತ್ರ ದಕ್ಷಿಣ ಕೊರಿಯದ ನಾಗರಿಕ ಸಂಹಿತೆ ಅದನ್ನು 'ನಮ್ಮ ಪರಂಪರೆ' ಎಂದೇ ಉಳಿಸಿಕೊಂಡಿತು. ಯಜಮಾನ ಸತ್ತರೆ ಆ ಸ್ಥಾನ ಮೊದಲು ಮಗನಿಗೆ, ಹೆಂಡತಿಗಲ್ಲ. ಹಾಗಾಗಿ ಮೂರು ವರ್ಷದ ಮೊಮ್ಮಗ ಅಜ್ಜಿಗೂ ಅಮ್ಮನಿಗೂ ಯಜಮಾನನಾಗುವುದು ಸಾಧ್ಯವಿತ್ತು. ವಿಚ್ಛೇದಿತ ತಾಯಿ ತಾನೇ ಸಾಕುತ್ತಿದ್ದ ಮಗುವಿಗೆ ಕಾಗದದಲ್ಲಿ ಬರಿಯ 'ಜೊತೆಯಲ್ಲಿ ವಾಸಿಸುವವಳು'. ತಾಯಿ ಮರುಮದುವೆಯಾದರೆ ಮಗುವಿನ ಕುಲನಾಮ ಮನೆಯ ತಂದೆಯದಕ್ಕಿಂತ ಬೇರೆಯಾಗಿ ಉಳಿಯುತ್ತಿತ್ತು, ಶಾಲೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತಿತ್ತು.

ಇದರ ವಿರುದ್ಧ ಮೊದಲು ದನಿಯೆತ್ತಿದವರಲ್ಲಿ ಮುಖ್ಯಳು ದೇಶದ ಮೊದಲ ಮಹಿಳಾ ವಕೀಲೆ ಲೀ ತೇ ಯಂಗ್. 1956ರಲ್ಲಿ ಬಡ ಹೆಂಗಸರಿಗಾಗಿ ಕಾನೂನು ಸಲಹಾ ಕೇಂದ್ರ ತೆರೆದ ಈಕೆಗೆ 1975ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕಾನೂನು ಅಷ್ಟಿಷ್ಟಾಗಿ ತಿದ್ದಲ್ಪಡುತ್ತಾ ಬಂತು. 1998ರಲ್ಲಿ ತೀರಿಕೊಂಡ ಆಕೆಗೆ ಕೊನೆಯ ಜಯ ಕಾಣಲು ಆಗಲಿಲ್ಲ. 2005ರ ಫೆಬ್ರವರಿ 3ರಂದು ಸಾಂವಿಧಾನಿಕ ನ್ಯಾಯಾಲಯ ಹೋಜು ವ್ಯವಸ್ಥೆ ಸಂವಿಧಾನಕ್ಕೆ ವಿರುದ್ಧವೆಂದಿತು. ಅದೇ ವರ್ಷ ಜುಲೈಯಲ್ಲಿ ಸುಪ್ರೀಂ ಕೋರ್ಟು ಹೆಣ್ಣುಮಕ್ಕಳೂ ಬಳಿಯ ಸಂಘದ ಪೂರ್ಣ ಸದಸ್ಯರೆಂದು ತೀರ್ಮಾನಿಸಿತು. 2008ರ ಜನವರಿ 1ರಿಂದ ಮನೆಗೊಂದು ರಿಜಿಸ್ಟರು ಹೋಗಿ ಪ್ರತಿಯೊಬ್ಬರಿಗೂ ಅವರದೇ ದಾಖಲೆ ಬಂತು. ಅದರ ನಡುವೆ ತಾನು. ಸುತ್ತ ತಂದೆತಾಯಿ, ಸಂಗಾತಿ, ಮಕ್ಕಳು.

ನಮ್ಮಲ್ಲಿಯೂ ಹೀಗೆಯೇ ಕಾನೂನು ಬದಲಾಯಿತು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಪಾಲು ಕೇಳುವ ದಾರಿ ತೆರೆಯಿತು. 1975ರ ಕೇರಳ ಕಾಯಿದೆ, 1976ರ ಡಿಸೆಂಬರ್ 1ರಿಂದ, ಅವಿಭಕ್ತ ಕುಟುಂಬವನ್ನೇ ಮುಗಿಸಿತು. ಆಸ್ತಿಯ ಲೆಕ್ಕದಲ್ಲಿ ತರವಾಡು ಎಂದೋ ಇಲ್ಲವಾಗಿದೆ. ಆದರೂ ದೈವದ ಮುಂದೆ ಸಾಲಾಗಿ ನಿಲ್ಲುವಾಗ ನಾವು ಅದೇ ಕುಟುಂಬ.

ರಿಜಿಸ್ಟರಿನ ಹೊರಗೆ

ಬಳಿಯೂ ರಿಜಿಸ್ಟರೂ ಮನುಷ್ಯನನ್ನು ಇಷ್ಟು ಬಿಗಿಯಾಗಿ ಹಿಡಿದುಕೊಂಡ ದೇಶದಲ್ಲಿ ಅವುಗಳ ಹೊರಗೆ ಬಿದ್ದವರ ಗತಿಯೇನು? 1950ರಿಂದ 1953ರವರೆಗಿನ ಯುದ್ಧ ಲಕ್ಷಾಂತರ ಮನೆಗಳನ್ನು ಹರಿದು ಎರಡು ಮಾಡಿತು. ತಮ್ಮ ಕಡೆಗೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ನೆರೆಯ ಕೊಡಗಿನವರೇ ಆದ ಜನರಲ್ ಕೆ. ಎಸ್. ತಿಮ್ಮಯ್ಯ. ಎರಡೂ ಕಡೆ ಬೇಡವೆಂದ 88 ಮಂದಿ 1954ರಲ್ಲಿ ಭಾರತಕ್ಕೆ ಬಂದರು.

1983ರ ಜೂನ್ 30ರಂದು ದಕ್ಷಿಣ ಕೊರಿಯದ ಕೆ.ಬಿ.ಎಸ್. ದೂರದರ್ಶನ ಅಗಲಿದ ಕುಟುಂಬಗಳನ್ನು ಹುಡುಕುವ ಕಾರ್ಯಕ್ರಮ ಆರಂಭಿಸಿತು. ಅದು ನವೆಂಬರ್ 14ರವರೆಗೆ ಒಟ್ಟು 453 ಗಂಟೆ 45 ನಿಮಿಷ ಪ್ರಸಾರವಾಯಿತು. ಜನ ಎದೆಯ ಮೇಲೆ ಹಲಗೆ ಹಿಡಿದು ನಿಂತರು: ಊರು ಇಂಥದ್ದು, ಅಪ್ಪನ ಹೆಸರು ಇದು, ಅಕ್ಕನ ಕೈ ಬಿಟ್ಟುಹೋದ ಜಾಗ ಅದು. ಸ್ವಂತ ಹೆಸರು, ವಯಸ್ಸು ನಿಶ್ಚಯವಿಲ್ಲದವರೂ ಅಲ್ಲಿದ್ದರು. 10,189 ಪ್ರಕರಣಗಳಲ್ಲಿ ಬಂಧುಗಳು ಮತ್ತೆ ಸಿಕ್ಕಿದರು. 2015ರಲ್ಲಿ ಆ ದಾಖಲೆಗಳು ಯುನೆಸ್ಕೋದ ಸ್ಮೃತಿ ಪಟ್ಟಿಗೆ ಸೇರಿದವು.

ಇನ್ನೂ ಕಠಿಣವಾದದ್ದು ದತ್ತು ಹೋದ ಮಕ್ಕಳ ಕಥೆ. ಯುದ್ಧದ ನಂತರದ ದಶಕಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ವಿದೇಶಗಳಿಗೆ ದತ್ತು ಕಳುಹಿಸಿದರು. ಬಳಿ ಗೊತ್ತಿಲ್ಲದ ಮಗುವನ್ನು ಮನೆಗೆ ಸೇರಿಸಿಕೊಳ್ಳುವ ಮನೆಗಳು ದೇಶದೊಳಗೆ ಕಡಿಮೆ. ಮದುವೆಯಾಗದ ತಾಯಿಗೆ ಮಗುವನ್ನು ತನ್ನದೆಂದು ಹೇಳಿ ಸಾಕುವ ಧೈರ್ಯ ಕೊಡುವವರೂ ಕಡಿಮೆ. ಕಳುಹಿಸುವ ಮೊದಲು ಮಗುವಿನ ಹೆಸರಿನಲ್ಲಿ 'ಅನಾಥ ರಿಜಿಸ್ಟರು' ತೆರೆಯುತ್ತಿದ್ದರು. ಅದರಲ್ಲಿ ಮಗು ಒಂದೇ. ತಂದೆ ತಾಯಿಯ ಜಾಗ ಖಾಲಿ. ತಂದೆತಾಯಿ ಬದುಕಿದ್ದ ಮಕ್ಕಳಿಗೂ ಹೀಗೆ ಬರೆದದ್ದುಂಟು. ಹಾಲುಗಲ್ಲದ ಮಗು ತಾನೊಬ್ಬನೇ ಇರುವ ಮನೆಗೆ ತಾನೇ ಯಜಮಾನ! 2025ರ ಮಾರ್ಚಿನಲ್ಲಿ ಅಲ್ಲಿಯ ಸತ್ಯ ಮತ್ತು ಸಾಮರಸ್ಯ ಆಯೋಗ, ದಾಖಲೆ ತಿರುಚಿದ್ದೂ ಸೇರಿದಂತೆ ಈ ದತ್ತು ವ್ಯವಹಾರದಲ್ಲಿ ಮಾನವ ಹಕ್ಕುಗಳ ಉಲ್ಲಂಘನೆಯಾಗಿದೆ, ಸರಕಾರಕ್ಕೆ ಹೊಣೆಯಿದೆ ಎಂದು ಹೇಳಿತು. ಆ ಮಕ್ಕಳಲ್ಲಿ ಹಲವರು ನಡುವಯಸ್ಸಿನಲ್ಲಿ ಕೊರಿಯಕ್ಕೆ ಮರಳಿ, ಭಾಷೆ ಬಾರದಿದ್ದರೂ, ತಮ್ಮ ಕಾಗದ ಹುಡುಕುತ್ತಾರೆ.

ಇಂದು ಅದೇ ದೇಶದಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು ಮನೆಗಳಲ್ಲಿ ಒಬ್ಬರೇ ವಾಸಿಸುತ್ತಾರೆ. 2023ರಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 0.72 ಮಗು. ಮುಂದಿನ ಜೊಕ್‌ಬೊಗಳಲ್ಲಿ ಬರೆಯಲು ಹೆಸರುಗಳೇ ಕಡಿಮೆ.

ನಮ್ಮ ಮರಕ್ಕೆ ಮರಳಿ

ಇದನ್ನೆಲ್ಲ ಓದಿ ಮುಗಿಸಿದ ಮೇಲೆ ಹಿರಿಯರ ಸಭೆ ಕರೆದೆ. ಕೊರಿಯದ ಕಥೆಯನ್ನು ನಾನು ಅಲ್ಲಿ ಹೇಳಲಿಲ್ಲ, ಹೇಳಿದರೆ ಕೇಳುವ ವ್ಯವಧಾನವೂ ಇರಲಿಲ್ಲ. ಎರಡೇ ಮಾತು ಹೇಳಿದೆ. ಮೊದಲನೆಯದು: ವಂಶವೃಕ್ಷವೆಂಬುದು ಯಾರೋ ಒಂದು ಕಾಲದಲ್ಲಿ ಕೂತು, ಇವರು ಬೇಕು ಇವರು ಬೇಡ ಎಂದು ತೀರ್ಮಾನಿಸಿ ಬರೆದದ್ದು. ಈಗ ಬರೆಯುತ್ತಿರುವವರು ನಾವು, ಆದ್ದರಿಂದ ಅದರ ಹೊಣೆಯೂ ನಮ್ಮದು. ಎರಡನೆಯದು: ನನ್ನ ಮಕ್ಕಳು ಈ ಮರದಲ್ಲಿಲ್ಲ, ಅದಕ್ಕೆ ನಾನು ತಕರಾರು ಮಾಡುವುದಿಲ್ಲ. ಏಕೆಂದರೆ ಅವರ ತಾಯಿಯ ಮರದಲ್ಲಿ ಅವರಿಗೆ ಜಾಗವಿದೆ. ನಮ್ಮ ಹಿರಿಯರ ಕಟ್ಟಳೆಯಲ್ಲಿ ಪ್ರತಿಯೊಬ್ಬರಿಗೂ ಎಲ್ಲಿಯಾದರೂ ಒಂದು ಜಾಗವಿತ್ತು. ಆದರೆ ತಂಗಿಯ ಮಗಳಿಗೆ ಬೇರೆ ಮರವಿಲ್ಲ. ನಾವು ಬಿಟ್ಟರೆ ಅವಳು ಎಲ್ಲಿಯೂ ಇಲ್ಲ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮೊದಲು ಪ್ರಶ್ನೆ ಕೇಳಿದ ಹಿರಿಯರೇ, "ಹಾಗಾದರೆ ಚುಕ್ಕಿ ಗೆರೆ ಹಾಕಿ ಬರೆಯುವ" ಎಂದರು. "ಚುಕ್ಕಿ ಗೆರೆ ನೋಡಿದ ಮಕ್ಕಳು ನಾಳೆ ಅದು ಯಾಕೆ ಎಂದು ಅವಳನ್ನೇ ಕೇಳಿಯಾರು" ಎಂದೆ. ಅವರು ತಲೆ ಕೆರೆದುಕೊಂಡು, "ನೀವು ಬರೆದದ್ದನ್ನು ಪ್ರೆಸ್ಸಿಗೆ ಕೊಡಿ, ಮಾಷ್ಟ್ರೇ" ಎಂದು ಎದ್ದರು. ಪೂರ್ತಿ ಒಪ್ಪಿದರೋ ಇಲ್ಲವೋ ನಾನು ಕೇಳಲಿಲ್ಲ.

ಸಂಚಿಕೆ ಅಚ್ಚಾಗಿ ಬಂತು. ತಂಗಿಯ ಹೆಸರಿನ ಕೆಳಗೆ ನೇರ ಗೆರೆ, ಅದರ ತುದಿಯಲ್ಲಿ ಮಗಳ ಹೆಸರು. ಬ್ರಹ್ಮಕಲಶದ ದಿನ ಆ ಹುಡುಗಿ ಸಂಚಿಕೆ ತೆರೆದು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಬಳಿಗೆ ಬಂದು, "ಮಾವ, ನಿಮ್ಮ ಹೆಸರಿನಲ್ಲಿ ಒಂದು ಅಕ್ಷರ ತಪ್ಪಾಗಿದೆ" ಎಂದು ತೋರಿಸಿದಳು. ನಿಜವೇ, ಪ್ರೂಫ್ ನೋಡುವಾಗ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮುಂದಿನ ಮುದ್ರಣದಲ್ಲಿ ತಿದ್ದುವ ಕೆಲಸವನ್ನು ಅವಳಿಗೇ ವಹಿಸಿದ್ದೇನೆ.